ದಿನಕ್ಕೊಂದು ಆದೇಶ, ವಾರಕ್ಕೊಂದು ವಾರ್ಡ್: ಸಾಂಕ್ರಾಮಿಕದ ಕಾಲದಲ್ಲಿ ಆಸ್ಪತ್ರೆಯವರು ಬದಲಾವಣೆಯನ್ನು ತಾಳಿಕೊಳ್ಳುವುದು ಹೇಗೆ?

2021ರ ಮೇ ತಿಂಗಳ ಒಂದು ಬೆಳಗ್ಗೆ. ನೈಟ್ ಡ್ಯೂಟಿ ಮುಗಿಸಿ ಹೊರಗೆ ಬಂದಾಗ ಇನ್‌ಚಾರ್ಜ್ ಸಿಸ್ಟರ್ ನೋಟಿಸ್ ಬೋರ್ಡಿಗೆ ಹೊಸ ಸುತ್ತೋಲೆ ಚುಚ್ಚುತ್ತಿದ್ದರು. ಬೋರ್ಡಿನಲ್ಲಿ ಜಾಗವೇ ಇರಲಿಲ್ಲ. ಹಳೆಯ ಕಾಗದದ ಮೇಲೆ ಹೊಸದು, ಅದರ ಮೇಲೆ ಮತ್ತೊಂದು. ಒಂದೇ ಪಿನ್ನಿಗೆ ಏಳೆಂಟು ಹಾಳೆ ನೇತಾಡುತ್ತಿದ್ದವು. ಸಮುದ್ರದ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಜೊತೆಗಿದ್ದ ಲ್ಯಾಬ್ ಹುಡುಗ ಅದನ್ನೇ ನೋಡುತ್ತಾ, "ಸಿಸ್ಟರ್, ರೋಗಕ್ಕೆ ಈಗ ಅಷ್ಟು ಹೆದರಿಕೆ ಇಲ್ಲ. ನಾಳೆ ಏನು ಬದಲಾಗ್ತದೋ ಅಂತ ಹೆದರಿಕೆ" ಅಂದ.

ನನಗೂ ಹಾಗೇ ಆಗಿತ್ತು. ಕೆಲಸ ಜಾಸ್ತಿ ಆದರೆ ಮೈ ದಣಿಯುತ್ತದೆ, ಮಲಗಿ ಎದ್ದರೆ ಸರಿಹೋಗುತ್ತದೆ. ಆದರೆ ನಿನ್ನೆ ಕಲಿತದ್ದನ್ನು ಇವತ್ತು ಬಿಡಬೇಕು, ಇವತ್ತು ಕಲಿತದ್ದು ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲ ಅನ್ನುವ ದಣಿವು ನಿದ್ದೆಯಿಂದ ಹೋಗುವುದಿಲ್ಲ. ಅದಕ್ಕೆ ಬೇರೆಯದೇ ಉಪಾಯ ಬೇಕು. ಎಲ್ಲ ಬದಲಾಗುವಾಗ ಬದಲಾಗದ ನಾಲ್ಕು ವಿಷಯಗಳನ್ನು ನಾವೇ ಕಟ್ಟಿಕೊಳ್ಳಬೇಕು. ಒಂದು ನೋಟ್‌ಬುಕ್, ಒಬ್ಬ ಜೊತೆಗಾರ, ಒಂದು ಕ್ರಮ, ಮನೆಗೆ ಹೋಗುವ ಒಂದು ದಾರಿ.

ನಾನು ಶಿರಸಿ ಕಡೆಯವಳು. ಕರಾವಳಿಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಇದನ್ನು ಬರೆಯುತ್ತಿರುವುದು ನರ್ಸ್‌ಗಳಿಗೆ ಮಾತ್ರ ಅಲ್ಲ. ಆಶಾ ಕಾರ್ಯಕರ್ತೆಯರು, ಲ್ಯಾಬಿನವರು, ಆಂಬುಲೆನ್ಸ್ ಚಾಲಕರು, ಗ್ರೂಪ್ ಡಿ ಸಿಬ್ಬಂದಿ, ಎಲ್ಲರಿಗೂ. ಕೋವಿಡ್ ತುರ್ತುಸ್ಥಿತಿ ಮುಗಿಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿದ್ದು ಹೌದು. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆ ಮಾತು ಪೂರ್ತಿ ಸಮಾಧಾನ ಕೊಡುವುದಿಲ್ಲ. ಚಳಿಗಾಲ ಬಂದರೆ ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ (ಕೆಎಫ್‌ಡಿ) ಭಯ ಶುರುವಾಗುತ್ತದೆ. ಪಕ್ಕದ ಕೇರಳದಲ್ಲಿ 2018ರಲ್ಲಿ ನಿಪಾ ವೈರಸ್ ಬಂದಿತ್ತು. ಹಾಗಾಗಿ ತಯಾರಿ ಈಗಲೇ ಇರಲಿ.

ಹೆಜ್ಜೆ 1: ಏನೇನು ಬದಲಾಗಿದೆ ಅಂತ ಬರೆದುಕೊಳ್ಳಿ

ತಲೆಯಲ್ಲಿ ಇಟ್ಟುಕೊಂಡರೆ ಎಲ್ಲವೂ ಒಂದೇ ದೊಡ್ಡ ಗುಡ್ಡದ ಹಾಗೆ ಕಾಣುತ್ತದೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಫೋನ್ ಬೇಡ, ಅದರಲ್ಲಿ ಬೇರೆ ಸಂದೇಶಗಳು ನುಗ್ಗುತ್ತವೆ. ಕೆಲಸದಲ್ಲಿ ಬದಲಾದದ್ದು, ಮನೆಯಲ್ಲಿ ಬದಲಾದದ್ದು, ಊರಿನವರು ನಮ್ಮನ್ನು ನೋಡುವ ರೀತಿಯಲ್ಲಿ ಬದಲಾದದ್ದು, ಹೀಗೆ ಬೇರೆ ಬೇರೆ ಬರೆಯಿರಿ. ಪ್ರತಿಯೊಂದರ ಮುಂದೆ ಒಂದು ಗುರುತು ಹಾಕಿ: ಇದನ್ನು ನಾನೇ ಮಾಡಬೇಕು, ಇದನ್ನು ಯಾರನ್ನೋ ಕೇಳಬೇಕು, ಇದನ್ನು ಸದ್ಯಕ್ಕೆ ಬಿಡಬೇಕು. ಹತ್ತು ನಿಮಿಷದ ಕೆಲಸ. ನಾನು ಮೊದಲ ಸಲ ಬರೆದಾಗ ಮೂರನೇ ಗುರುತು ಅರ್ಧಕ್ಕಿಂತ ಜಾಸ್ತಿ ಇತ್ತು. ಅಷ್ಟನ್ನೂ ದಿನಾ ಹೊತ್ತು ತಿರುಗುತ್ತಿದ್ದೆ ಅಂತ ಅವತ್ತೇ ಗೊತ್ತಾಗಿದ್ದು.

ಹೆಜ್ಜೆ 2: ಆದೇಶಗಳಿಗೆ ಒಂದೇ ಬಾಗಿಲು ಇಡಿ

ಇದು ಎಲ್ಲಕ್ಕಿಂತ ಮುಖ್ಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೋವಿಡ್ ಕಾಲದಲ್ಲಿ ನಿಯಮಗಳು ಎಷ್ಟು ಸಲ ತಿರುಗಿದವು ನೆನಪಿಸಿಕೊಳ್ಳಿ. 2020ರ ಮಾರ್ಚ್ 23ರಂದು ಆರೋಗ್ಯ ಸಿಬ್ಬಂದಿ ಮುನ್ನೆಚ್ಚರಿಕೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನುವ ಮಲೇರಿಯಾ ಮಾತ್ರೆ ತೆಗೆದುಕೊಳ್ಳಬಹುದು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿತು. ಆಮೇಲೆ ಅದರಿಂದ ಉಪಯೋಗ ಇಲ್ಲ ಅಂತ ದೊಡ್ಡ ಪರೀಕ್ಷೆಗಳಲ್ಲಿ ಕಂಡುಬಂತು. ಮೊದಲು ಎರಡು ಟೆಸ್ಟ್ ನೆಗೆಟಿವ್ ಬಂದರೆ ಮಾತ್ರ ಡಿಸ್ಚಾರ್ಜ್. 2020ರ ಮೇ 8ರಿಂದ ಲಕ್ಷಣ ಕಡಿಮೆ ಇದ್ದವರಿಗೆ 10 ದಿನ ಆಗಿ, ಕೊನೆಯ 3 ದಿನ ಜ್ವರ ಇಲ್ಲದಿದ್ದರೆ ಟೆಸ್ಟ್ ಇಲ್ಲದೆಯೇ ಮನೆಗೆ. ಕೋವಿಶೀಲ್ಡ್ ಎರಡನೇ ಡೋಸ್ ಮೊದಲು 4ರಿಂದ 6 ವಾರಕ್ಕೆ, 2021ರ ಮಾರ್ಚ್‌ನಲ್ಲಿ 6ರಿಂದ 8 ವಾರಕ್ಕೆ, ಮೇ ತಿಂಗಳಲ್ಲಿ 12ರಿಂದ 16 ವಾರಕ್ಕೆ. ಗುಣವಾದವರ ರಕ್ತದಿಂದ ತೆಗೆದ ಪ್ಲಾಸ್ಮಾ ಬೇಕು ಅಂತ ಜನ ರಾತ್ರಿಯೆಲ್ಲ ಓಡಾಡಿದರು. 2021ರ ಮೇ 17ರಂದು ಅದನ್ನೇ ಚಿಕಿತ್ಸೆಯ ಪಟ್ಟಿಯಿಂದ ತೆಗೆದರು.

ಇದನ್ನು ನೋಡಿ "ಇವರಿಗೇ ಗೊತ್ತಿಲ್ಲ" ಅಂತ ಸಿಟ್ಟು ಬರುವುದು ಸಹಜ. ನನಗೂ ಬಂದಿತ್ತು. ಆದರೆ ಹೊಸ ರೋಗ ಅಂದರೆ ಕತ್ತಲಲ್ಲಿ ಘಾಟಿ ಇಳಿದ ಹಾಗೆ. ಬೆಳಕು ಬಿದ್ದಷ್ಟು ದಾರಿ ಮಾತ್ರ ಕಾಣುತ್ತದೆ, ತಿರುವು ಬಂದಾಗಲೇ ಸ್ಟೇರಿಂಗ್ ತಿರುಗಿಸಬೇಕು. ನಿಯಮ ಬದಲಾಯಿತು ಅಂದರೆ ಯಾರೋ ಎಲ್ಲೋ ಹೊಸದಾಗಿ ಒಂದು ವಿಷಯ ತಿಳಿದುಕೊಂಡಿದ್ದಾರೆ ಅಂತ ಅರ್ಥ. ಹೀಗೆ ಯೋಚಿಸಲು ಶುರು ಮಾಡಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು.

ಉಳಿದರ್ಧ ಇಳಿದದ್ದು ನಮ್ಮ ವಾರ್ಡಿನ ಒಂದು ಪದ್ಧತಿಯಿಂದ. ಶಿಫ್ಟ್ ಶುರುವಾಗುವ ಮೊದಲು ಐದು ನಿಮಿಷ ಎಲ್ಲರೂ ನಿಲ್ಲುವುದು. ಒಬ್ಬರೇ ಹೊಸ ಆದೇಶವನ್ನು ಜೋರಾಗಿ ಓದುವುದು. ಮೂರೇ ಪ್ರಶ್ನೆ: ಏನು ಬದಲಾಯಿತು? ಯಾವಾಗಿನಿಂದ? ಇದು ಬಂದದ್ದರಿಂದ ಯಾವ ಹಳೆಯದು ಹೋಯಿತು? ಮೂರನೆಯದನ್ನು ಹೆಚ್ಚಿನ ಕಡೆ ಕೇಳುವುದೇ ಇಲ್ಲ, ತಪ್ಪು ಆಗುವುದೂ ಅಲ್ಲೇ. ಹಳೆಯ ಕಾಗದವನ್ನು ಬೋರ್ಡಿನಿಂದ ಕಿತ್ತು ಫೈಲಿಗೆ ಹಾಕಿ, ಆಮೇಲೆ ಹೊಸದನ್ನು ಚುಚ್ಚಿ. ಬೋರ್ಡಿನ ಮೇಲೆ ಇರುವುದಷ್ಟೇ ಇವತ್ತಿನ ನಿಯಮ ಅಂತ ಎಲ್ಲರಿಗೂ ಗೊತ್ತಿರಲಿ.

ನಿಮ್ಮ ನೋಟ್‌ಬುಕ್‌ನಲ್ಲಿ ಆದೇಶವನ್ನು ಪೂರ್ತಿ ಬರೆಯಬೇಡಿ. ತಾರೀಕು, ಆದೇಶದ ನಂಬರ್, ಮತ್ತು ನಿಮ್ಮ ಕೈಕೆಲಸದಲ್ಲಿ ಏನು ಬದಲಾಗುತ್ತದೆ ಅನ್ನುವ ಒಂದು ಸಾಲು ಸಾಕು. ನನ್ನ ನೋಟ್‌ಬುಕ್‌ನ ಒಂದು ಪುಟದಲ್ಲಿ ಹೀಗಿದೆ: "ಇವತ್ತಿನಿಂದ ಡಿಸ್ಚಾರ್ಜ್‌ಗೆ ಟೆಸ್ಟ್ ಬೇಡ. ಜ್ವರದ ಚಾರ್ಟ್ 3 ದಿನದ್ದು ನೋಡು. ಮನೆಯವರಿಗೆ ಹೇಳು: ಇನ್ನೂ 7 ದಿನ ಬೇರೆ ಕೋಣೆ." ಆ ಪುಟದ ಮೂಲೆ ಸ್ಯಾನಿಟೈಜರ್ ಬಿದ್ದು ನೀಲಿಯಾಗಿ ಹರಡಿದೆ. ಈಗಲೂ ಓದಲು ಬರುತ್ತದೆ.

ವಾಟ್ಸಾಪಿನಲ್ಲಿ ಬಂದ ಫಾರ್ವರ್ಡ್ ಎಷ್ಟೇ ನಿಜದ ಹಾಗೆ ಕಂಡರೂ ಸಹಿ, ತಾರೀಕು ಇರುವ ಆದೇಶ ಬರುವ ತನಕ ಅದರ ಮೇಲೆ ಕೆಲಸ ಮಾಡಬೇಡಿ. ಅನುಮಾನ ಇದ್ದರೆ ಮೇಲಿನವರನ್ನು ಕೇಳಿ, ಅವರ ಉತ್ತರವನ್ನು ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಡ್ಯೂಟಿ ಆದೇಶದ ಪ್ರತಿಗಳನ್ನು ಒಂದೂ ಬಿಡದೆ ಇಟ್ಟುಕೊಳ್ಳಿ. 2020ರಲ್ಲಿ ಆರೋಗ್ಯ ಸಿಬ್ಬಂದಿಗೆ ಕೇಂದ್ರ ಸರ್ಕಾರ 50 ಲಕ್ಷ ರೂಪಾಯಿ ವಿಮೆ ಮಾಡಿತ್ತು. ಆಶಾ, ಗುತ್ತಿಗೆ ನೌಕರರು ಕೂಡ ಅದರಲ್ಲಿ ಸೇರಿದ್ದರು. ಆದರೆ ತೀರಿಕೊಂಡವರು ಕೋವಿಡ್ ಕೆಲಸದಲ್ಲಿ ಇದ್ದರು ಅನ್ನುವುದಕ್ಕೆ ಸಂಸ್ಥೆಯ ಪ್ರಮಾಣಪತ್ರ ಬೇಕಿತ್ತು. ಕಾಗದ ಇದ್ದವರ ಮನೆಯವರಿಗೆ ಅಲೆದಾಟ ಕಡಿಮೆ.

ಹೆಜ್ಜೆ 3: ಹೊಸ ವಾರ್ಡಿಗೆ ಹಾಕಿದರೆ ಮೊದಲ ಒಂದು ಗಂಟೆ

ನಾನು ಹೆರಿಗೆ ವಾರ್ಡಿನಲ್ಲಿ ಇದ್ದವಳು. ಒಂದು ಸಂಜೆ ಫೋನ್ ಬಂತು, ಮರುದಿನದಿಂದ ಕೋವಿಡ್ ವಾರ್ಡ್. ಹತ್ತು ವರ್ಷ ಹಸುಗೂಸು ಎತ್ತಿಕೊಂಡ ಕೈಗೆ ಆಕ್ಸಿಜನ್ ಕೀಲಿ ಬಂತು. ಎಂಥ ಅನುಭವಿಗೂ ಹೊಸ ಜಾಗದಲ್ಲಿ ಕೈ ನಡುಗುತ್ತದೆ. ನಾಚಿಕೆ ಬೇಡ.

ಮೊದಲು ರೋಗಿಯ ಹತ್ತಿರ ಹೋಗುವ ಮುಂಚೆ ವಾರ್ಡ್ ಸುತ್ತಿ. ಆಕ್ಸಿಜನ್ ಎಲ್ಲಿಂದ ಬರುತ್ತದೆ, ಬದಲಿ ಸಿಲಿಂಡರ್ ಎಲ್ಲಿದೆ, ಕಫ ಎಳೆಯುವ ಸಕ್ಷನ್ ಯಂತ್ರ ಯಾವುದು, ತುರ್ತು ಔಷಧಿಯ ಟ್ರಾಲಿ ಎಲ್ಲಿ, ಕರೆಂಟ್ ಹೋದರೆ ಯಾರಿಗೆ ಫೋನ್. ಇದನ್ನೆಲ್ಲ ತೋರಿಸಲು ಆ ವಾರ್ಡಿನ ಗ್ರೂಪ್ ಡಿ ಅಕ್ಕನನ್ನೋ ಅಣ್ಣನನ್ನೋ ಕೇಳಿ. ಅವರಿಗೆ ಗೊತ್ತಿರುವಷ್ಟು ಯಾವ ಚಾರ್ಟಿನಲ್ಲೂ ಇರುವುದಿಲ್ಲ.

ಸಿಲಿಂಡರ್ ಲೆಕ್ಕ ಬಾಯಿಪಾಠ ಇರಲಿ. ಪೂರ್ತಿ ತುಂಬಿದ ದೊಡ್ಡ ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್ ಇರುತ್ತದೆ. ಬಿ ಟೈಪ್ ಸಣ್ಣದರಲ್ಲಿ ಸುಮಾರು 1,500. ರೋಗಿಗೆ ನಿಮಿಷಕ್ಕೆ 10 ಲೀಟರ್ ಹೋಗುತ್ತಿದ್ದರೆ ಸಣ್ಣದು ಎರಡೂವರೆ ಗಂಟೆಯಲ್ಲಿ ಖಾಲಿ, ದೊಡ್ಡದು ಹನ್ನೊಂದು ಗಂಟೆ ಚಿಲ್ಲರೆ. ಒಬ್ಬ ರೋಗಿಯನ್ನು ಶಿರಸಿಯಿಂದ ಹುಬ್ಬಳ್ಳಿಗೋ, ಕಾರವಾರದಿಂದ ಮಂಗಳೂರಿಗೋ ಕಳಿಸುವಾಗ ದಾರಿ ಎಷ್ಟು ಹೊತ್ತು, ಸಿಲಿಂಡರ್ ಎಷ್ಟು ಹೊತ್ತು ಅಂತ ಆಂಬುಲೆನ್ಸ್ ಹೊರಡುವ ಮೊದಲೇ ಚಾಲಕರ ಎದುರಲ್ಲಿ ಬಾಯಿಬಿಟ್ಟು ಲೆಕ್ಕ ಹಾಕಿ. ಗೇಜ್ ನೋಡದೆ "ತುಂಬಿದೆ" ಅನ್ನುವ ಮಾತನ್ನು ಯಾರು ಹೇಳಿದರೂ ನಂಬಬೇಡಿ.

ಮತ್ತೆ, ಮಾಡಲು ಬಾರದ್ದನ್ನು ಮೊದಲೇ ಹೇಳಿ. "ಇದನ್ನು ನಾನು ಒಬ್ಬಳೇ ಮಾಡಿಲ್ಲ. ಒಮ್ಮೆ ತೋರಿಸಿ, ಎರಡನೇ ಸಲ ನೀವು ನಿಂತು ನೋಡಿ, ಮೂರನೇ ಸಲದಿಂದ ನಾನು ಮಾಡ್ತೇನೆ." ನಾನು ಹೀಗೇ ಹೇಳಿದೆ. ಯಾರೂ ಬೈಯಲಿಲ್ಲ.

ಹೆಜ್ಜೆ 4: ಪಿಪಿಇ ಕಿಟ್, ಸೆಕೆ ಮತ್ತು ಮೈ

ಕರಾವಳಿಯ ಏಪ್ರಿಲ್, ಮೇ ಸೆಕೆ ಗೊತ್ತಲ್ಲ. ಫ್ಯಾನಿನ ಕೆಳಗೆ ಕೂತರೂ ಬೆವರು. ಅದರಲ್ಲಿ ತಲೆಯಿಂದ ಕಾಲಿನವರೆಗೆ ಮುಚ್ಚುವ ಈ ಕಿಟ್ ಹಾಕಿದರೆ ಹತ್ತೇ ನಿಮಿಷಕ್ಕೆ ಒಳಗಿನ ಬಟ್ಟೆ ಮೈಗೆ ಅಂಟುತ್ತದೆ. ಹಾಕುವ ಮೊದಲು ಹೊಟ್ಟೆಗೆ ಏನಾದರೂ ಬೀಳಲಿ, ನೀರು ಕುಡಿಯಿರಿ. ಕುಚಲಕ್ಕಿ ಗಂಜಿಗೆ ಉಪ್ಪು ಹಾಕಿ ಕುಡಿದು ಹೋದ ದಿನ ನನಗೆ ತಲೆಸುತ್ತು ಬಂದದ್ದಿಲ್ಲ. ಬರೀ ಚಹಾ ಕುಡಿದು ಹೋದ ದಿನ ಬಂದಿದೆ. ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅಂತ ನೀರು ಬಿಡುವುದು ಬೇಡ. ಬಹಳ ಜನ ಹೆಣ್ಣುಮಕ್ಕಳು ಹೀಗೆ ಮಾಡಿ ಉರಿಮೂತ್ರ ಮಾಡಿಕೊಂಡರು. ಮುಟ್ಟಿನ ದಿನಗಳಲ್ಲಿ ಕಿಟ್ಟಿನ ಪಾಳಿ ಚಿಕ್ಕದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಕೊಡುವವರಿಗೂ ಇದು ಗೊತ್ತಿರಬೇಕು.

ಮಾಸ್ಕ್ ಎನ್-95 ಅಂತ ಬರೆದಿದ್ದರೆ ಸಾಲದು, ಮುಖಕ್ಕೆ ಸರಿಯಾಗಿ ಕೂರಬೇಕು. ಹಾಕಿ ಎರಡೂ ಕೈ ಸುತ್ತ ಇಟ್ಟು ಜೋರಾಗಿ ಉಸಿರು ಬಿಡಿ. ಮೂಗಿನ ಪಕ್ಕದಲ್ಲೋ ಗಲ್ಲದ ಕೆಳಗೋ ಗಾಳಿ ತಾಗಿದರೆ ಮತ್ತೆ ಸರಿಮಾಡಿ. ಗಡ್ಡ ಇದ್ದರೆ ಅದು ಕೂರುವುದಿಲ್ಲ.

ಹಾಕುವುದಕ್ಕಿಂತ ತೆಗೆಯುವಾಗ ಅಪಾಯ ಜಾಸ್ತಿ. ಆರು ಗಂಟೆ ದುಡಿದು ಬಂದಿರುತ್ತೀರಿ, ಒಮ್ಮೆ ಇದನ್ನು ಕಿತ್ತು ಬಿಸಾಡಿದರೆ ಸಾಕು ಅನ್ನಿಸುತ್ತದೆ. ಅಲ್ಲೇ ನಿಧಾನಿಸಬೇಕು. ನಮ್ಮಲ್ಲಿ ಜೊತೆಗಾರ್ತಿ ಬಾಗಿಲ ಹೊರಗೆ ನಿಂತು ಒಂದೊಂದೇ ಹೇಳುತ್ತಿದ್ದಳು: "ಈಗ ಹೊರಗಿನ ಗ್ಲೌಸ್. ಕೈ ಉಜ್ಜು. ಈಗ ಜಿಪ್. ಒಳಗಿನಿಂದ ಹೊರಗೆ ಸುತ್ತು, ಮೈಗೆ ತಾಗಿಸಬೇಡ. ಕೈ ಉಜ್ಜು." ಹೆಚ್ಚು ಕೊಳೆಯಾದದ್ದು ಮೊದಲು, ಮಾಸ್ಕ್ ಕೊನೆಗೆ, ಅದೂ ಹಿಂದಿನ ಪಟ್ಟಿ ಹಿಡಿದು, ವಾರ್ಡಿನ ಹೊರಗೆ ಬಂದ ಮೇಲೆ. ನಿಮ್ಮ ಆಸ್ಪತ್ರೆಯ ಗೋಡೆಯ ಮೇಲಿನ ಚಾರ್ಟಿನ ಕ್ರಮ ಯಾವುದೋ ಅದನ್ನೇ ಪಾಲಿಸಿ, ಮನಸ್ಸಿಗೆ ಬಂದ ಹಾಗೆ ಬದಲಿಸಬೇಡಿ. ಸೋಪಿನಲ್ಲಿ ಕೈ ತೊಳೆಯಲು 40ರಿಂದ 60 ಸೆಕೆಂಡ್, ಸ್ಯಾನಿಟೈಜರ್ ಆದರೆ 20ರಿಂದ 30. ಮಾಸ್ಕ್ ತೆಗೆದ ಮೇಲೆ ಮೂಗಿನ ಮೇಲೆ ಗೀರು ಬಿದ್ದು ಉರಿಯುತ್ತಿತ್ತು. ಆಗ ಬರುವ ಮೊದಲ ತಣ್ಣನೆ ಗಾಳಿ ಇದೆಯಲ್ಲ, ಅದನ್ನು ನಾನು ಇನ್ನೂ ಮರೆತಿಲ್ಲ.

ಹೆಜ್ಜೆ 5: ಮನೆಗೆ ಹೋಗುವ ದಾರಿಯನ್ನು ಒಂದೇ ರೀತಿ ಇಡಿ

ಘಟ್ಟದ ಮೇಲಿನ ಹಳೆಯ ಮನೆಗಳಲ್ಲಿ ಬಚ್ಚಲುಮನೆ ಹಿತ್ತಲ ಕಡೆ ಇರುತ್ತದೆ. ರಜೆಗೆ ಊರಿಗೆ ಹೋದಾಗ ಅದೇ ನನ್ನ ಬಾಗಿಲಾಯಿತು. ಆಯಿ ಹಂಡೆಗೆ ಬೆಂಕಿ ಹಾಕಿ, ಸೋಪಿನ ನೀರಿನ ಬಕೆಟ್, ಒಗೆದ ಬಟ್ಟೆ ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಿದ್ದಳು. ನಾನು ಬಟ್ಟೆ ಬಕೆಟಿಗೆ ಹಾಕಿ, ಫೋನ್ ಒರೆಸಿ, ತಲೆಗೆ ಸ್ನಾನ ಮಾಡಿ, ಆಮೇಲೆ ಒಳಗೆ. ಬಾಡಿಗೆ ಮನೆಯಲ್ಲಿ ಇದೆಲ್ಲ ಇರುವುದಿಲ್ಲ. ಅಲ್ಲಿ ಬಾಗಿಲ ಹತ್ತಿರ ಒಂದು ಮುಚ್ಚಳದ ಬಕೆಟ್ ಸಾಕು. ಮುಖ್ಯ ಏನೆಂದರೆ ಪ್ರತಿದಿನ ಅದೇ ಕ್ರಮ. ಕೆಲವು ವಾರದಲ್ಲಿ ಕೈಗೆ ರೂಢಿಯಾಗುತ್ತದೆ, ಆಮೇಲೆ ದಣಿದಿದ್ದರೂ ತಪ್ಪುವುದಿಲ್ಲ. ಮೈಗೂ ತಿಳಿಯುತ್ತದೆ, ಸ್ನಾನ ಆಯಿತು, ಡ್ಯೂಟಿ ಮುಗಿಯಿತು ಅಂತ.

ಮಕ್ಕಳಿಗೆ ಸುಮ್ನೆ "ಹತ್ತಿರ ಬರಬೇಡ" ಅನ್ನಬೇಡಿ, ಕಾರಣ ಹೇಳಿ. ಐದು ವರ್ಷದ ಮಗುವಿಗೂ "ಅಮ್ಮ ಮಿಂದು ಬಂದ ಮೇಲೆ ಎತ್ತಿಕೊಳ್ತಾಳೆ" ಅಂದರೆ ಅರ್ಥವಾಗುತ್ತದೆ.

ಮಳೆಗಾಲದ ವಿಷಯ ಬೇರೆ. 2021ರ ಜುಲೈ ಮಳೆಗೆ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ದಾರಿ ಬಂದಾಯಿತು. ಘಟ್ಟದ ಮೇಲಿನವರು, ಕೆಳಗಿನವರು ಡ್ಯೂಟಿ ಅದಲುಬದಲು ಮಾಡಿಕೊಳ್ಳುವ ಪಟ್ಟಿಯನ್ನು ಜೂನ್ ಮೊದಲೇ ಮಾಡಿಡಿ.

ಮನೆ ಮಾಲೀಕರು, ಅಕ್ಕಪಕ್ಕದವರು ತೊಂದರೆ ಕೊಟ್ಟರೆ? ನನ್ನ ಜೊತೆಯವಳೊಬ್ಬಳಿಗೆ ಬಾಡಿಗೆ ಮನೆಯವರು ಎರಡು ದಿನದಲ್ಲಿ ಖಾಲಿ ಮಾಡು ಅಂದರು. ಅವಳು ರಾತ್ರಿಯಿಡೀ ಅತ್ತಳು. 2020ರ ಏಪ್ರಿಲ್ 22ರಂದು ಕೇಂದ್ರ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತಂದು, ಸಾಂಕ್ರಾಮಿಕದ ಕಾಲದಲ್ಲಿ ಆರೋಗ್ಯ ಸಿಬ್ಬಂದಿ ಮೇಲಿನ ಹಲ್ಲೆ, ಕಿರುಕುಳಕ್ಕೆ 3 ತಿಂಗಳಿಂದ 5 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇಟ್ಟಿತು. ತೀವ್ರ ಗಾಯವಾದರೆ 7 ವರ್ಷದವರೆಗೆ ಜೈಲು. ಒಬ್ಬಳೇ ಜಗಳಕ್ಕೆ ನಿಲ್ಲಬೇಡಿ. ಆಸ್ಪತ್ರೆಯ ಮುಖ್ಯಸ್ಥರಿಗೆ ಬರೆದು ಕೊಡಿ, ಅಪಾಯ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ. ನನ್ನ ಗೆಳತಿಯ ಮನೆಗೆ ನಮ್ಮ ಹಿರಿಯ ವೈದ್ಯರೇ ಹೋಗಿ ಕೂತು ಮಾತಾಡಿದರು. ಆ ಮನೆಯವರು ಹೆದರಿದ್ದರು ಅಷ್ಟೇ. ಮುಂದಿನ ವಾರ ಅವರೇ ಬಾಗಿಲಿಗೆ ಸಾರು ಇಟ್ಟು ಹೋದರು.

ಹೆಜ್ಜೆ 6: "ಇವತ್ತಿಗೆ ಗೊತ್ತಿರುವುದು ಇಷ್ಟು" ಅನ್ನಲು ಕಲಿಯಿರಿ

ಜನ ನಮ್ಮನ್ನೇ ಕೇಳುತ್ತಾರೆ. "ಎರಡನೇ ಡೋಸ್‌ಗೆ ಹೋದ ತಿಂಗಳು ಆರು ವಾರ ಅಂದ್ರಿ, ಈಗ ಹನ್ನೆರಡು ಅಂತೀರಿ. ಯಾವುದು ಸುಳ್ಳು?" ವಾದ ಮಾಡಬೇಡಿ. "ಆಗ ಗೊತ್ತಿದ್ದದ್ದು ಅಷ್ಟು, ಅಜ್ಜಾ. ಈಗ ಜಾಸ್ತಿ ತಿಳಿದಿದೆ. ಮತ್ತೆ ಬದಲಾದರೆ ನಾನೇ ಬಂದು ಹೇಳ್ತೇನೆ." ಕೊನೆಯ ಮಾತನ್ನು ಹೇಳಿದರೆ ಉಳಿಸಿಕೊಳ್ಳಬೇಕು. ಹಳ್ಳಿಯಲ್ಲಿ ಆಶಾ ಅಕ್ಕಂದಿರ ಮಾತಿಗೆ ಬೆಲೆ ಬಂದದ್ದು ಹೀಗೆ ಮತ್ತೆ ಮತ್ತೆ ಮನೆ ಬಾಗಿಲಿಗೆ ಹೋಗಿದ್ದರಿಂದ.

ನಮ್ಮ ಕಡೆ ಭಾಷೆ ದೊಡ್ಡ ಆಸರೆ. ಭಟ್ಕಳದಲ್ಲಿ ನವಾಯತಿ, ಕಾರವಾರದಲ್ಲಿ ಕೊಂಕಣಿ, ಮರಾಠಿ. ಕಿಟ್ಟಿನೊಳಗೆ ಮುಖ ಕಾಣುವುದಿಲ್ಲ, ದನಿಯೊಂದೇ ಇರುವುದು. ಕಾರವಾರ ಕಡೆಯ ಒಬ್ಬ ಅಜ್ಜಿ ಎರಡು ದಿನ ಊಟ ಮುಟ್ಟಿರಲಿಲ್ಲ. ನಾನು ಹರಕು ಕೊಂಕಣಿಯಲ್ಲಿ "ಜೇವಣ್ ಜಾಲೇ?" (ಊಟ ಆಯಿತಾ?) ಅಂದೆ. ಅವರು ಕಣ್ಣು ಬಿಟ್ಟು ನೋಡಿ ನನ್ನ ಗ್ಲೌಸ್ ಹಾಕಿದ ಕೈ ಹಿಡಿದುಕೊಂಡರು. ಅವತ್ತು ನಾಲ್ಕು ಚಮಚ ಗಂಜಿ ಹೋಯಿತು. ವಾರ್ಡಿನ ಬಾಗಿಲಿಗೆ ಯಾವ ಭಾಷೆ ಯಾರಿಗೆ ಬರುತ್ತದೆ ಅಂತ ಒಂದು ಚೀಟಿ ಅಂಟಿಸಿ.

ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳಬೇಕಾಗಿ ಬಂದರೆ ನಿಂತು ಮಾತಾಡಬೇಡಿ, ಕೂತುಕೊಳ್ಳಿ. ಮೊದಲು ನೀವು ಯಾರು ಅಂತ ಹೇಳಿ. ಅವರ ಹತ್ತಿರ ಬೇರೆ ಯಾರಾದರೂ ಇದ್ದಾರಾ ಕೇಳಿ. "ತೀರಿಕೊಂಡರು" ಅಂತ ನೇರವಾಗಿ ಹೇಳಿ. "ಸ್ವಲ್ಪ ಸೀರಿಯಸ್" ಅಂತ ಸುತ್ತಿ ಬಳಸಿದರೆ ಅವರು ಗಾಡಿ ಮಾಡಿಕೊಂಡು ಓಡಿ ಬರುತ್ತಾರೆ. ಹೇಳಿದ ಮೇಲೆ ಸುಮ್ಮನಿರಿ. ಅವರು ಅಳಲಿ. ಫೋನ್ ಅವರೇ ಇಡಲಿ.

ಹೆಜ್ಜೆ 7: ಒಬ್ಬ ಜೊತೆಗಾರ

ಶಿಫ್ಟಿನ ಶುರುವಿನಲ್ಲೇ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ನೀರು ಕುಡಿದೆಯಾ, ಊಟ ಆಯಿತಾ, ಇವತ್ತು ಹೇಗಿದ್ದೀಯಾ, ಇಷ್ಟು ಕೇಳುವುದು ಅವರ ಕೆಲಸ, ಅವರನ್ನು ಕೇಳುವುದು ನಿಮ್ಮ ಕೆಲಸ. ಒಂದು ಸಾವು ಆದ ದಿನ ಮನೆಗೆ ಹೋಗುವ ಮೊದಲು ಹತ್ತು ನಿಮಿಷ ಒಟ್ಟಿಗೆ ಕೂರಿ. ನಾವು ಆಸ್ಪತ್ರೆ ಹಿಂದಿನ ಹಲಸಿನ ಮರದ ಕೆಳಗೆ ಕೂರುತ್ತಿದ್ದೆವು. ಏನಾಯಿತು, ನಾವು ಏನು ಮಾಡಿದೆವು, ಏನು ನಮ್ಮ ಕೈಯಲ್ಲಿ ಇರಲಿಲ್ಲ. ಯಾರ ತಪ್ಪು ಅಂತ ಹುಡುಕುವುದಕ್ಕೆ ಆ ಹತ್ತು ನಿಮಿಷ ಅಲ್ಲ.

ಕೆಲವು ಗುರುತುಗಳನ್ನು ಹಗುರವಾಗಿ ನೋಡಬೇಡಿ. ಎರಡು ವಾರ ಕಳೆದರೂ ನಿದ್ದೆ ಬಾರದಿರುವುದು, ಮಾನಿಟರ್ ಸದ್ದು ಮನೆಯಲ್ಲೂ ಕೇಳಿಸುವುದು, ರೋಗಿಯ ನೋವು ನೋಡಿದರೂ ಏನೂ ಅನ್ನಿಸದಿರುವುದು, ಮದ್ಯವೋ ನಿದ್ದೆ ಮಾತ್ರೆಯೋ ಇಲ್ಲದೆ ಆಗದಿರುವುದು, ಬದುಕೇ ಬೇಡ ಅನ್ನಿಸುವುದು. ಇದು ದುರ್ಬಲತೆ ಅಲ್ಲ, ಗಾಯ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬದುಕು ಬೇಡ ಅನ್ನಿಸಿದರೆ ನಾಳೆಗೆ ತಳ್ಳಬೇಡಿ. ಆ ಗಳಿಗೆಯಲ್ಲೇ ಹತ್ತಿರದವರಿಗೆ ಹೇಳಿ, ಫೋನ್ ಮಾಡಿ. ನಾನೂ ಒಮ್ಮೆ ಮನೋವೈದ್ಯರ ಹತ್ತಿರ ಹೋಗಿದ್ದೇನೆ. ನಾಲ್ಕು ಸಲ ಹೋದ ಮೇಲೆ ನಿದ್ದೆ ಮರಳಿತು.

ಹೆಜ್ಜೆ 8: ನಿದ್ದೆ

ನೈಟ್ ಡ್ಯೂಟಿ ಮುಗಿಸಿ ಬಂದವರು ಬಿಸಿಲು ಕಣ್ಣಿಗೆ ಬೀಳದ ಹಾಗೆ ಮನೆ ಸೇರಿ, ಹಗುರವಾಗಿ ಉಂಡು, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಮಲಗಿ. ಶಿಫ್ಟಿನ ಕೊನೆಯ ಭಾಗದಲ್ಲಿ ಚಹಾ ಬೇಡ. ಫೋನ್ ಬೇರೆ ಕೋಣೆಯಲ್ಲಿರಲಿ. ಮನೆಯವರಿಗೆ ಹೇಳಿಡಿ, ಹಗಲು ಮಲಗಿದವಳನ್ನು "ಒಂದೇ ನಿಮಿಷ" ಅಂತ ಎಬ್ಬಿಸಬಾರದು.

ಹೆಜ್ಜೆ 9: ಅಲೆ ಇಳಿದ ಮೇಲೆ

ಅಲೆ ಇಳಿದಾಗ ಎಲ್ಲರೂ ಮೊದಲಿನಂತೆ ಆಗಿ ಅನ್ನುತ್ತಾರೆ. ಆದರೆ ಹಳೆಯ ವಾರ್ಡಿಗೆ ಮರಳುವುದೂ ಒಂದು ಬದಲಾವಣೆಯೇ. ನಾನು ಹೆರಿಗೆ ವಾರ್ಡಿಗೆ ವಾಪಸ್ ಬಂದ ಮೊದಲ ವಾರ ಮಗು ಅತ್ತರೆ ಬೆಚ್ಚುತ್ತಿದ್ದೆ. ಬಾಕಿ ಇರುವ ರಜೆಯನ್ನು ತೆಗೆದುಕೊಳ್ಳಿ, ಎರಡು ದಿನವಾದರೂ. ಮೇಲಿನ ಹುದ್ದೆಯಲ್ಲಿ ಇರುವವರಿಗೆ ನನ್ನದೊಂದು ಕೋರಿಕೆ: ಆ ರಜೆಯನ್ನು ಕೇಳುವ ಮೊದಲೇ ಕೊಡಿ. ಮತ್ತೆ ತಂಡದವರನ್ನು ಕೂರಿಸಿ, ಯಾವ ಪದ್ಧತಿ ಉಳಿಯಬೇಕು, ಯಾವುದು ಹೋಗಬೇಕು ಅಂತ ಅವರಿಂದಲೇ ಬರೆಸಿಕೊಳ್ಳಿ. ಒಂದು ವರ್ಷ ಕಳೆದರೆ ಮರೆತುಹೋಗುತ್ತದೆ.

ನಮ್ಮಲ್ಲಿ ಉಳಿದದ್ದು ಬೆಳಗಿನ ಆ ಐದು ನಿಮಿಷ. ನನ್ನ ಪರಿಚಯದ ಹೊಸ ಸಿಸ್ಟರ್ ಒಬ್ಬಳಿಗೆ ಈ ಡಿಸೆಂಬರಿನಲ್ಲಿ ಸಿದ್ದಾಪುರ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪೋಸ್ಟಿಂಗ್ ಆಯಿತು. ಮಂಗನ ಕಾಯಿಲೆಯ ಕಾಲ ಬಂತು, ಹೆದರಿಕೆ ಆಗ್ತದೆ ಅಕ್ಕಾ ಅಂತ ಫೋನ್ ಮಾಡಿದ್ದಳು. ಒಂದು ಹೊಸ ನೋಟ್‌ಬುಕ್ ಕಳಿಸಿದ್ದೇನೆ. ಮೊದಲ ಪುಟದಲ್ಲಿ ಮೇಲಿನ ಆ ಮೂರು ಪ್ರಶ್ನೆ, 14416, ನನ್ನ ನಂಬರ್ ಬರೆದಿದ್ದೇನೆ. ಕೆಳಗೆ ಒಂದು ಸಾಲು: ಕಾಡಿನಿಂದ ಬಂದವರ ಮೈಮೇಲೆ ಉಣುಗು ಇದೆಯಾ ನೋಡು, ಸತ್ತ ಮಂಗದ ಸುದ್ದಿ ಬಂದರೆ ಅದೇ ದಿನ ಮೇಲಿನವರಿಗೆ ತಿಳಿಸು. ಉಳಿದ ಪುಟ ಅವಳು ತುಂಬಿಕೊಳ್ಳಲಿ.